ಹಾರ ಬಿದ್ದ ಮೇಲಿನ ಮೂರು ನಿಮಿಷ

ಕಳೆದ ಭಾನುವಾರ ಬೆಳಿಗ್ಗೆ ಜಗಳೂರು ತಾಲ್ಲೂಕಿನ ಹಳ್ಳಿಯೊಂದರ ಪ್ರಾಥಮಿಕ ಶಾಲೆಯ ಶಿಕ್ಷಕಿಯೊಬ್ಬರು ಫೋನ್ ಮಾಡಿದ್ದರು. ಮುಂದಿನ ತಿಂಗಳು ದಾವಣಗೆರೆಯ ಒಂದು ಸಂಸ್ಥೆಯವರು ತಮಗೆ ಪ್ರಶಸ್ತಿ ಕೊಡುತ್ತಿದ್ದಾರೆಂದೂ, ಸ್ವೀಕರಿಸಿದ ಮೇಲೆ ಮೂರು ನಿಮಿಷ ಮಾತನಾಡಬೇಕೆಂದು ತಿಳಿಸಿದ್ದಾರೆಂದೂ ಹೇಳಿ, "ಸರ್, ಚೆನ್ನಾಗಿ ಒಂದು ಪುಟ ಬರ್ಕೊಡಿ, ಬಾಯಿಪಾಠ ಮಾಡ್ಕೋತೀನಿ" ಎಂದು ಕೇಳಿದರು. ಇಪ್ಪತ್ತೆರಡು ವರ್ಷಗಳಿಂದ ಈ ಊರಿನ ಸಭೆ ಸಮಾರಂಭಗಳಲ್ಲಿ ನಿರೂಪಣೆ ಮಾಡುತ್ತ ಬಂದಿರುವ ನನಗೆ ಇಂಥ ಕೋರಿಕೆ ಹೊಸದಲ್ಲ. ಮೊದಮೊದಲು ಬರೆದುಕೊಟ್ಟದ್ದೂ ಉಂಟು. ಆದರೆ ಇನ್ನೊಬ್ಬರು ಬರೆದುಕೊಟ್ಟ ಕೃತಜ್ಞತೆಯು ಬಾಡಿಗೆಗೆ ತಂದ ಪೇಟದ ಹಾಗೆ ಯಾರ ತಲೆಗೂ ಸರಿಯಾಗಿ ಕೂರುವುದಿಲ್ಲವೆಂಬುದನ್ನು ಪಕ್ಕದಲ್ಲೇ ನಿಂತು ನೋಡಿದ ಮೇಲೆ ಆ ಕೆಲಸ ಬಿಟ್ಟಿದ್ದೇನೆ. "ಬರೆದುಕೊಡುವುದಿಲ್ಲ ಮೇಡಂ, ಮನೆಗೆ ಬನ್ನಿ, ಕೂತು ಮಾತಾಡೋಣ" ಎಂದೆ. ಅವರು ಬರುವ ಮೊದಲು ನನ್ನ ತಲೆಯಲ್ಲಿ ಓಡಿದ್ದನ್ನು ಇಲ್ಲಿ ಬರೆದಿಟ್ಟಿದ್ದೇನೆ.

ನಿರೂಪಕ ನಿಲ್ಲುವ ಜಾಗ ವಿಚಿತ್ರವಾದದ್ದು. ವೇದಿಕೆಯ ಅಂಚಿನಲ್ಲಿ, ಮೈಕಿನಿಂದ ಎರಡು ಮೊಳ ದೂರದಲ್ಲಿ ನಿಂತವನಿಗೆ ಸನ್ಮಾನಿತರ ನಡುಗುವ ಬೆರಳುಗಳೂ ಕಾಣುತ್ತವೆ, ಸಭೆಯ ಆಕಳಿಕೆಯೂ ಕಾಣುತ್ತದೆ. ಪ್ರಾರ್ಥನೆ, ನಾಡಗೀತೆ, ಸ್ವಾಗತ, ಪ್ರಾಸ್ತಾವಿಕ ನುಡಿ, ದೀಪ ಬೆಳಗುವುದು, ಉದ್ಘಾಟನಾ ಭಾಷಣ, ಇಬ್ಬರು ಮುಖ್ಯ ಅತಿಥಿಗಳ ಮಾತು, ಇಷ್ಟೆಲ್ಲ ಮುಗಿದು ಸನ್ಮಾನದ ಸರದಿ ಬರುವ ಹೊತ್ತಿಗೆ ಸಭಾಂಗಣದ ಹಿಂದೆ ಮಿರ್ಚಿ ಕರಿಯುವ ವಾಸನೆ ಎದ್ದಿರುತ್ತದೆ, ಮಂಡಕ್ಕಿ ಕಲಸುವ ಪರಾತಗಳ ಸದ್ದೂ ಕೇಳುತ್ತಿರುತ್ತದೆ. ಆದರೂ ಸನ್ಮಾನದ ಹೊತ್ತಿನಲ್ಲಿ ಸಭೆ ಒಮ್ಮೆ ಎಚ್ಚರಗೊಳ್ಳುತ್ತದೆ. ಮನೆಯವರು ಮೊಬೈಲ್ ಹಿಡಿದು ಮುಂದೆ ಬರುತ್ತಾರೆ, ಕುರ್ಚಿಯಲ್ಲಿ ಜಾರಿ ಕೂತವರು ನೆಟ್ಟಗಾಗುತ್ತಾರೆ. ಆ ಎಚ್ಚರ ಮೂರು ನಿಮಿಷ ಉಳಿಯುತ್ತದೆ, ಹೆಚ್ಚೆಂದರೆ ನಾಲ್ಕು.

ಆ ಮೂರು ನಿಮಿಷವನ್ನು ನಾನೇ ಹೇಗೆ ಹಾಳು ಮಾಡಿಕೊಂಡೆನೆಂಬುದನ್ನು ಮೊದಲು ಹೇಳಿಬಿಡುತ್ತೇನೆ. ಏಳೆಂಟು ವರ್ಷಗಳ ಹಿಂದೆ, ನಮ್ಮ ಪ್ರೌಢಶಾಲೆಯ ಮಕ್ಕಳಿಂದ ತಿಂಗಳಿಗೊಂದು ಕೈಬರಹದ ಪತ್ರಿಕೆ ಹೊರಡಿಸುತ್ತಿದ್ದುದಕ್ಕಾಗಿ ನನಗೂ ಒಂದು ಪ್ರಶಸ್ತಿ ಬಂದಿತ್ತು. ಬೇರೆಯವರಿಗೆ ಮೈಕ್ ಕೊಟ್ಟು ಅಭ್ಯಾಸವಿದ್ದವನಿಗೆ ಮಾತನಾಡುವುದೇನು ಮಹಾ ಎಂಬ ಗರ್ವದಲ್ಲಿ ನಾಲ್ಕು ಪುಟ ಬರೆದುಕೊಂಡು ಹೋಗಿದ್ದೆ. ತಲೆಗೆ ಮೈಸೂರು ಪೇಟ ಇಟ್ಟರು, ಹೆಗಲಿಗೆ ಶಾಲು ಹೊದಿಸಿದರು, ಕೊರಳಿಗೆ ಸುಗಂಧರಾಜದ ಹಾರ ಹಾಕಿದರು, ಒಂದು ಕೈಗೆ ಹಣ್ಣಿನ ಬುಟ್ಟಿಯನ್ನೂ ಇನ್ನೊಂದು ಕೈಗೆ ಗಾಜಿನ ಚೌಕಟ್ಟಿನ ಸನ್ಮಾನಪತ್ರವನ್ನೂ ಕೊಟ್ಟು ಫೋಟೋ ತೆಗೆಸಿದರು. ಅದೇ ಅವತಾರದಲ್ಲಿ ನಾನು ಮೈಕಿನ ಮುಂದೆ ಹೋಗಿ ನಿಂತೆ. ಕನ್ನಡಕ ಅಂಗಿಯ ಜೇಬಿನಲ್ಲಿ, ಜೇಬು ಶಾಲಿನ ಕೆಳಗೆ, ಶಾಲು ಹಾರದ ಕೆಳಗೆ. ಹಣ್ಣಿನ ಬುಟ್ಟಿಯನ್ನು ಪೋಡಿಯಂ ಮೇಲಿಟ್ಟು ಎಡಗೈಯಿಂದ ಜೇಬು ತಡಕುತ್ತಿದ್ದಾಗ ಬುಟ್ಟಿಗೆ ಸುತ್ತಿದ್ದ ಬಣ್ಣದ ಹಾಳೆಯ ಚರಪರ ಸದ್ದು ಮೈಕಿನೊಳಗೆ ಹೊಕ್ಕು ಇಡೀ ಸಭಾಂಗಣದಲ್ಲಿ ಮಳೆ ಸುರಿದಂತೆ ಕೇಳಿಸಿತು. ಕನ್ನಡಕ ಸಿಗಲಿಲ್ಲ. ಬಾಗಿ ಓದಲು ಹೋದರೆ ಪೇಟ ಹುಬ್ಬಿನ ಮೇಲೆ ಇಳಿಯಿತು. ಕೊನೆಗೆ ಪುಟಗಳನ್ನು ಮಡಿಚಿಟ್ಟು, ನೆನಪಿಗೆ ಬಂದ ಹೆಸರುಗಳನ್ನೆಲ್ಲ ಹೇಳಿ ಧನ್ಯವಾದ ಅರ್ಪಿಸಿದೆ. ಅಧ್ಯಕ್ಷರು, ಅಧಿಕಾರಿಗಳು, ಮುಖ್ಯ ಶಿಕ್ಷಕರು, ಸಹೋದ್ಯೋಗಿಗಳು ಎಲ್ಲ ಸೇರಿ ಹತ್ತೊಂಬತ್ತು ಹೆಸರು. ವೀಡಿಯೊ ನೋಡಿ ಆಮೇಲೆ ಎಣಿಸಿದ್ದು.

ಇಪ್ಪತ್ತನೆಯ ಹೆಸರು ಬಿಟ್ಟುಹೋಗಿತ್ತು. ನಮ್ಮ ಶಾಲೆಯ ಜವಾನರೊಬ್ಬರು ಪ್ರತಿ ತಿಂಗಳ ಕೊನೆಯ ಶನಿವಾರ ಶಾಲೆ ಬಿಟ್ಟ ಮೇಲೆ ಉಳಿದುಕೊಂಡು, ಮಕ್ಕಳ ಹಾಳೆಗಳನ್ನು ಅಂಚು ಸರಿ ಮಾಡಿ ಜೋಡಿಸಿ, ದಬ್ಬಳದಿಂದ ತೂತು ಹೊಡೆದು ದಾರ ಹಾಕಿ ಹೊಲಿಯುತ್ತಿದ್ದರು. ಅವರಿಲ್ಲದಿದ್ದರೆ ನನ್ನ ಪತ್ರಿಕೆ ಬಿಡಿ ಹಾಳೆಗಳಾಗಿಯೇ ಇರುತ್ತಿತ್ತು. ಆ ದಿನ ಅವರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಕೊನೆಯ ಸಾಲಿನಲ್ಲಿ ಕೂತಿದ್ದರು. ಕಾರ್ಯಕ್ರಮ ಮುಗಿದ ಮೇಲೆ ಬಂದು ನನ್ನ ಕೈಯಿಂದ ಹಣ್ಣಿನ ಬುಟ್ಟಿ ಇಸಿದುಕೊಂಡು, "ಚೆನ್ನಾಗಿ ಮಾತಾಡಿದ್ರಿ ಸಾರ್" ಎಂದರು. ಆ ಮಾತು ಇವತ್ತಿಗೂ ಚುಚ್ಚುತ್ತದೆ.

ಅಂದಿನಿಂದ ನನಗೊಂದು ಅಭಿಪ್ರಾಯ ಗಟ್ಟಿಯಾಗಿದೆ. ವೇದಿಕೆಯ ಮೇಲೆ ಕೂತವರ ಹೆಸರುಗಳು ಆಮಂತ್ರಣ ಪತ್ರಿಕೆಯಲ್ಲಿರುತ್ತವೆ, ಫ್ಲೆಕ್ಸಿನಲ್ಲಿರುತ್ತವೆ, ಸ್ವಾಗತದಲ್ಲಿ ಒಮ್ಮೆ ಬರುತ್ತವೆ, ಪ್ರತಿ ಭಾಷಣದ ಮೊದಲಲ್ಲಿ ಮತ್ತೊಮ್ಮೆ ಬರುತ್ತವೆ, ವಂದನಾರ್ಪಣೆಯಲ್ಲಿ ಮಗದೊಮ್ಮೆ ಬರುತ್ತವೆ. ಆಮಂತ್ರಣ ಪತ್ರಿಕೆಯಲ್ಲಿ ಇಲ್ಲದ, ಆದರೆ ಆ ಕೆಲಸದ ಒಳಗೆ ಇದ್ದ ಒಬ್ಬರ ಹೆಸರನ್ನು ಹೇಳಲು ಸಾಧ್ಯವಿರುವ ವ್ಯಕ್ತಿ ಇಡೀ ಸಭೆಯಲ್ಲಿ ಒಬ್ಬರೇ, ಅದು ಪ್ರಶಸ್ತಿ ಪಡೆದವರು. ಆ ಹೆಸರು ಯಾವುದೆಂದು ಮನೆಯಲ್ಲೇ ಗೊತ್ತು ಮಾಡಿಕೊಂಡು ಬಂದವರ ಮಾತು ನಿಲ್ಲುತ್ತದೆ, ಹತ್ತೊಂಬತ್ತು ಹೆಸರು ಓದಿದವರದು ಹಾಜರಿ ಪುಸ್ತಕವಾಗುತ್ತದೆ. ಉಳಿದವರನ್ನು ಮರೆಯಬೇಕೆಂದು ನಾನು ಹೇಳುತ್ತಿಲ್ಲ. "ನನ್ನ ಸಹೋದ್ಯೋಗಿಗಳಿಗೆಲ್ಲ" ಎಂಬ ಒಂದು ಮಾತಿನೊಳಗೆ ಅವರೆಲ್ಲ ಸಮಾಧಾನದಿಂದ ಕೂರುತ್ತಾರೆ. ಅರ್ಧ ಜನರ ಹೆಸರು ಹೇಳಿ ಇನ್ನರ್ಧ ಬಿಟ್ಟಾಗಲೇ ಮನಸ್ತಾಪ ಹುಟ್ಟುವುದು.

ದೊಡ್ಡವರ ವಿಷಯದಲ್ಲೂ ನನಗೆ ಕಂಡದ್ದು ಇದೇ. ಕುವೆಂಪು ಅವರಿಗೆ 1955ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯನ್ನೂ ಮುಂದೆ 1967ರ ಜ್ಞಾನಪೀಠವನ್ನೂ ತಂದುಕೊಟ್ಟ 'ಶ್ರೀ ರಾಮಾಯಣ ದರ್ಶನಂ' ಅರ್ಪಿತವಾಗಿರುವುದು ಅವರ ಗುರುಗಳಾದ ಟಿ.ಎಸ್. ವೆಂಕಣ್ಣಯ್ಯನವರಿಗೆ. ವೆಂಕಣ್ಣಯ್ಯನವರು ನಮ್ಮ ಚಳ್ಳಕೆರೆ ತಾಲ್ಲೂಕಿನ ತಳುಕಿನವರು, 1939ರಲ್ಲೇ ತೀರಿಕೊಂಡವರು. ಯಾವ ಪ್ರಶಸ್ತಿಯೂ ಬರುವ ಮೊದಲೇ, ಎದುರಿಗಿಲ್ಲದ ಗುರುವಿನ ಅಡಿಗೆ ಇಡೀ ಮಹಾಕಾವ್ಯವನ್ನು ಒಪ್ಪಿಸಿ ಮುಗಿಸಿದ್ದರಿಂದ, ಮುಂದೆ ಯಾವ ವೇದಿಕೆಯಲ್ಲಿ ಅದಕ್ಕೆ ಹಾರ ಬಿದ್ದರೂ ತಳುಕಿನ ಆ ಮೇಷ್ಟ್ರು ಅಲ್ಲಿ ಇದ್ದೇ ಇರುತ್ತಿದ್ದರು. ಇದೇ ತಳುಕಿನ ಮನೆತನದ ಕಾದಂಬರಿಕಾರ ತ.ರಾ.ಸು. ಅವರಿಗೆ ಚಿತ್ರದುರ್ಗದ ಪತನದ ಕಥೆಯಾದ 'ದುರ್ಗಾಸ್ತಮಾನ'ಕ್ಕಾಗಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 1985ರಲ್ಲಿ, ಅವರು ತೀರಿಕೊಂಡದ್ದು 1984ರಲ್ಲಿ. ಬದುಕಿದ್ದರೆ ಅವರು ಯಾರ ಹೆಸರು ಹೇಳುತ್ತಿದ್ದರೋ ಎಂದು ಚಿತ್ರದುರ್ಗದ ಕೋಟೆಯ ಮೆಟ್ಟಿಲು ಹತ್ತುವಾಗ ಕೆಲವೊಮ್ಮೆ ಯೋಚಿಸಿದ್ದೇನೆ.

ಶಾಲಾ ಮೇಷ್ಟ್ರಾಗಿ ನನಗೆ ಇನ್ನೊಂದು ಸಂಗತಿಯೂ ಪ್ರಿಯವಾದದ್ದು. ಆಲ್ಜೀರಿಯಾದ ಬಡ ಕುಟುಂಬದಲ್ಲಿ ಬೆಳೆದ ಫ್ರೆಂಚ್ ಸಾಹಿತಿ ಆಲ್ಬರ್ಟ್ ಕಾಮು ಅವರಿಗೆ 1957ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಸುದ್ದಿ ತಿಳಿದಾಗ ತಾಯಿಯ ನಂತರ ಮೊದಲು ನೆನಪಾದದ್ದು ನೀವೇ ಎಂದು ಅವರು ತಮ್ಮ ಪ್ರಾಥಮಿಕ ಶಾಲೆಯ ಶಿಕ್ಷಕ ಲೂಯಿ ಜರ್ಮೇನ್ ಅವರಿಗೆ ಪತ್ರ ಬರೆದರು, ಸ್ವೀಡನ್ನಿನಲ್ಲಿ ಮಾಡಿದ ಭಾಷಣಗಳನ್ನು ಅಚ್ಚು ಹಾಕಿಸಿದಾಗ ಅವನ್ನು ಅರ್ಪಿಸಿದ್ದೂ ಅದೇ ಮೇಷ್ಟ್ರಿಗೆ.

ಇನ್ನು ವಿನಯದ ವಿಷಯ. ನಮ್ಮ ಕಡೆಯ ಸನ್ಮಾನಿತರು ಮಾತು ಶುರು ಮಾಡುವುದೇ "ಈ ಪ್ರಶಸ್ತಿಗೆ ನಾನು ಅರ್ಹನಲ್ಲ" ಎಂದು. ಆಯ್ಕೆ ಸಮಿತಿಯ ಅಧ್ಯಕ್ಷರು ಹಿಂದೆಯೇ ಕೂತು, ಮೂರು ಸಭೆ ನಡೆಸಿ ಇವರನ್ನು ಆರಿಸಿದ್ದು ತಪ್ಪಾಯಿತೇ ಎಂಬಂತೆ ಕುರ್ಚಿಯಲ್ಲಿ ಮಿಸುಕಾಡುವುದನ್ನು ನಾನು ನೋಡಿದ್ದೇನೆ. "ಈ ಪ್ರಶಸ್ತಿ ನನ್ನ ಜವಾಬ್ದಾರಿಯನ್ನು ಹೆಚ್ಚಿಸಿದೆ" ಎಂಬ ಮಾತನ್ನು ಒಂದೇ ಸಮಾರಂಭದಲ್ಲಿ ಏಳು ಜನ ಸನ್ಮಾನಿತರಲ್ಲಿ ಆರು ಜನ ಹೇಳಿದ್ದನ್ನು ಎಣಿಸಿದ್ದೇನೆ. ಏಳನೆಯವರಿಗೆ ಗಂಟಲು ಕಟ್ಟಿತ್ತು. ಕೊಟ್ಟವರಿಗೆ ಕೃತಜ್ಞತೆ ಹೇಳುವುದಕ್ಕೆ ತನ್ನನ್ನು ತಾನು ತಗ್ಗಿಸಿಕೊಳ್ಳಬೇಕಾಗಿಲ್ಲ. 1913ರ ನೊಬೆಲ್ ಸಮಾರಂಭಕ್ಕೆ ರವೀಂದ್ರನಾಥ ಟ್ಯಾಗೋರರು ಹೋಗಿರಲಿಲ್ಲ, ಡಿಸೆಂಬರ್ 10ರ ಔತಣಕೂಟದಲ್ಲಿ ಅವರ ತಂತಿ ಸಂದೇಶವನ್ನಷ್ಟೇ ಓದಲಾಯಿತು. ದೂರವನ್ನು ಹತ್ತಿರ ತಂದ, ಅಪರಿಚಿತನೊಬ್ಬನನ್ನು ಸೋದರನನ್ನಾಗಿ ಮಾಡಿದ ತಿಳಿವಳಿಕೆಯ ವಿಸ್ತಾರಕ್ಕೆ ತಾನು ಕೃತಜ್ಞ ಎಂಬುದು ಅದರ ಸಾರ. ಕೊಟ್ಟವರು ಮಾಡಿದ್ದೇನು ಎಂಬುದನ್ನು ಗುರುತಿಸಿ ಹೇಳಿದ್ದರಿಂದ ಅದರಲ್ಲಿ ಹೊಗಳಿಕೆಯ ಜಿಡ್ಡಿಲ್ಲ, ಒಂದೇ ವಾಕ್ಯವಾದರೂ ಕಡಿಮೆಯೆನಿಸುವುದಿಲ್ಲ.

ನಾನು ಕೇಳಿದ ಅತ್ಯುತ್ತಮ ಸ್ವೀಕಾರ ಭಾಷಣ ಇದಕ್ಕಿಂತ ಸ್ವಲ್ಪ ಉದ್ದವಿತ್ತು. ಬಡಾವಣೆಯೊಂದರ ಯುವಕರು ನವೆಂಬರ್ ತಿಂಗಳಲ್ಲಿ ರಸ್ತೆಗೆ ಶಾಮಿಯಾನ ಹಾಕಿ ನಡೆಸಿದ ರಾಜ್ಯೋತ್ಸವದಲ್ಲಿ ಪೌರಕಾರ್ಮಿಕ ಮಹಿಳೆಯೊಬ್ಬರನ್ನು ಸನ್ಮಾನಿಸಿದ್ದರು. ಮಾತನಾಡಲು ಅವರು ಒಪ್ಪಿರಲಿಲ್ಲ, ನಾನೇ ಒತ್ತಾಯ ಮಾಡಿ ಮೈಕನ್ನು ಅವರ ಎತ್ತರಕ್ಕೆ ಇಳಿಸಿದೆ. ಶಾಲನ್ನು ಸೆರಗಿನಂತೆ ಎಳೆದುಕೊಂಡು ಅವರು ಹೇಳಿದ್ದಿಷ್ಟು: "ನಂಗೆ ಮಾತಾಡಾಕೆ ಬರಲ್ಲ. ಬೆಳಿಗ್ಗೆ ನಾಕೂವರೆಗೆ ಮಂಡಿಪೇಟೆ ರಸ್ತೆಗೆ ಬರ್ತೀನಿ. ಚಳಿಗಾಲದಾಗೆ ಪೊರಕೆ ಹಿಡಿದ್ರೆ ಬೆರಳು ಮಡಚಲ್ಲ. ಅಲ್ಲೊಬ್ಬ ಅಜ್ಜಿ ಹೂ ಕಟ್ಟಾಕೆ ಕೂತಿರ್ತಾಳೆ, ದಿನಾ ಒಂದು ಲೋಟ ಚಾ ಇಟ್ಟಿರ್ತಾಳೆ ನಂಗೆ. ಲೋಟ ಹಿಡಿದ ಮ್ಯಾಗೆ ಬೆರಳು ಮಡಚ್ತಾವೆ. ಈ ಶಾಲು ಆಯಮ್ಮಂಗೆ ಕೊಡ್ತೀನಿ." ಅಷ್ಟು ಹೇಳಿ ಕೈಮುಗಿದು ಕೆಳಗಿಳಿದರು. ಒಂದು ನಿಮಿಷವೂ ಆಗಿರಲಿಲ್ಲ. ಅವರ ನಂತರ ಮಾತನಾಡಬೇಕಿದ್ದ ಮುಖ್ಯ ಅತಿಥಿಗಳು ಕೈಯಲ್ಲಿದ್ದ ಚೀಟಿಯನ್ನು ಜೇಬಿಗೆ ಹಾಕಿಕೊಂಡರು. ಪೌರಕಾರ್ಮಿಕರ ಸೇವೆ ಅಮೂಲ್ಯ ಎಂದು ಅಲ್ಲಿಯವರೆಗೆ ನಾಲ್ಕು ಜನ ಹೇಳಿದ್ದರು, ಆ ಸೇವೆಯೆಂದರೆ ಏನು ಎಂಬುದು ಸಭೆಗೆ ತಿಳಿದದ್ದು ಮಡಚದ ಬೆರಳಿನ ಮಾತು ಬಂದಾಗ.

ಸಂಬೋಧನೆಯಲ್ಲಿ ಕಳೆದುಹೋಗುವ ಸಮಯದ ಬಗ್ಗೆಯೂ ಹೇಳಬೇಕು. ನಮ್ಮ ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳಲ್ಲಿ ಮಠಗಳ ಪ್ರಭಾವ ದೊಡ್ಡದು. ವೇದಿಕೆಯ ಮೇಲೆ ಪೂಜ್ಯರಿದ್ದರೆ ಅವರಿಗೆ ಮೊದಲು ನಮಸ್ಕರಿಸುವುದು ಮರ್ಯಾದೆ, ಅಧ್ಯಕ್ಷರಿಗೂ ಪ್ರಶಸ್ತಿ ಕೊಟ್ಟ ಸಂಸ್ಥೆಗೂ ಒಂದೊಂದು ಮಾತು ಸಲ್ಲಬೇಕು. ಅಲ್ಲಿಂದಾಚೆ "ವೇದಿಕೆಯ ಮೇಲಿರುವ ಎಲ್ಲ ಗಣ್ಯರೇ, ಎದುರಿಗಿರುವ ಬಂಧುಗಳೇ" ಎಂದರೆ ಸಾಕು. ಡಾ. ರಾಜ್‌ಕುಮಾರ್ ಅವರು "ಅಭಿಮಾನಿ ದೇವರುಗಳೇ" ಎಂದು ಕರೆದಾಗ ಮಂತ್ರಿಯಿಂದ ಹಿಡಿದು ಗೇಟಿನ ಹೊರಗೆ ನಿಂತವನವರೆಗೆ ಎಲ್ಲರೂ ಆ ಒಂದು ಕರೆಯೊಳಗೆ ಬಂದುಬಿಡುತ್ತಿದ್ದರು. ಹಾಗೆಯೇ, "ನುಡಿದರೆ ಮುತ್ತಿನ ಹಾರದಂತಿರಬೇಕು" ಎಂಬ ಬಸವಣ್ಣನವರ ವಚನದಿಂದ ಆರಂಭಿಸಿ ನಲವತ್ತು ನಿಮಿಷ ಮಾತನಾಡಿದವರನ್ನು ನಾನು ಬಲ್ಲೆ. ನಿರೂಪಕರಾದ ನಮ್ಮ ತಪ್ಪೂ ಇದೆ, ಆ ವಚನವನ್ನು ಅವರಿಗಿಂತ ಮೊದಲು ನಾವೇ ಮೂರು ಸಲ ಹೇಳಿರುತ್ತೇವೆ.

ಮೈಕನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅಮೆರಿಕದ ಕಾದಂಬರಿಕಾರ ವಿಲಿಯಂ ಫಾಕ್ನರ್ ಅವರು 1949ರ ನೊಬೆಲ್ ಪ್ರಶಸ್ತಿಯನ್ನು 1950ರ ಡಿಸೆಂಬರಿನಲ್ಲಿ ಸ್ವೀಕರಿಸಿ ಮಾತನಾಡಿದಾಗ, ಮೈಕಿನಿಂದ ದೂರ ನಿಂತು ವೇಗವಾಗಿ ಹೇಳಿದ್ದರಿಂದ ಸಭೆಯಲ್ಲಿದ್ದವರಿಗೆ ಏನೂ ಸರಿಯಾಗಿ ಕೇಳಿಸಲಿಲ್ಲ. ಅದು ಎಂಥ ಭಾಷಣವೆಂದು ಜನ ಅರಿತದ್ದು ಮಾರನೆಯ ದಿನ ಅಚ್ಚಿನಲ್ಲಿ ಓದಿದಾಗ. ನಮ್ಮ ಮಾತನ್ನು ಮಾರನೆಯ ದಿನ ಯಾರೂ ಅಚ್ಚು ಹಾಕುವುದಿಲ್ಲವಾದ್ದರಿಂದ ನಾವು ಮೈಕಿಗೆ ಒಂದು ಗೇಣು ದೂರದಲ್ಲಿಯೇ ನಿಲ್ಲಬೇಕು. ನಮಗಿಂತ ಮೊದಲು ಮಾತನಾಡಿದವರು ಆರಡಿ ಎತ್ತರದವರಾಗಿದ್ದರೆ ಮೈಕನ್ನು ಇಳಿಸಿಕೊಳ್ಳಲು ಸಂಕೋಚಪಡಬಾರದು. ಹಣ್ಣಿನ ಬುಟ್ಟಿ, ಸ್ಮರಣಿಕೆ, ಹಾರ ಮೂರನ್ನೂ ಫೋಟೋ ಆದ ಕೂಡಲೇ ಮನೆಯವರ ಕೈಗೆ ದಾಟಿಸಿಬಿಡಬೇಕು. ಶಾಲು ಇರಲಿ. ಪೇಟ ಜಾರುವಂತಿದ್ದರೆ ಅದನ್ನೂ ತೆಗೆದಿಡುವುದರಲ್ಲಿ ಅವಮರ್ಯಾದೆಯೇನೂ ಇಲ್ಲ.

ಚೀಟಿ ಹಿಡಿದು ಓದಬಹುದೇ ಎಂದು ಬಹಳ ಜನ ಕೇಳುತ್ತಾರೆ. ಧಾರಾಳವಾಗಿ ಓದಬಹುದು. ಬಾಯಿಪಾಠ ಮಾಡಿದ ಮಾತು ಒಂದು ಪದ ಮರೆತರೆ ಪೂರ್ತಿ ಕಡಿದುಹೋಗುತ್ತದೆ, ಓದುವವನಿಗೆ ಆ ಭಯವಿಲ್ಲ. ಆದರೆ ಮೊದಲ ವಾಕ್ಯವನ್ನೂ ಆ ಒಂದು ಹೆಸರನ್ನೂ ತಲೆಯೆತ್ತಿ ಹೇಳಬೇಕು. ನನ್ನ ಓದಿನ ವೇಗದಲ್ಲಿ ದೊಡ್ಡ ಅಕ್ಷರದ ಒಂದೂವರೆ ಪುಟಕ್ಕೆ ಮೂರು ನಿಮಿಷ ಬೇಕಾಗುತ್ತದೆ. ವೇದಿಕೆಯ ಮೇಲೆ ಗಂಟಲು ಒಣಗಿ, ಚಪ್ಪಾಳೆಗೆ ನಿಂತು ಅದು ನಾಲ್ಕಾಗುವುದರಿಂದ ಒಂದೇ ಪುಟ ಬರೆದುಕೊಳ್ಳುವುದು ಲೇಸು. ಆಸ್ಕರ್ ಸಮಾರಂಭದಲ್ಲಿ ನಲವತ್ತೈದು ಸೆಕೆಂಡಿನ ಮಿತಿಯಿದ್ದು, ಅದನ್ನು ಮೀರಿದರೆ ವಾದ್ಯದವರು ಸಂಗೀತ ಶುರು ಮಾಡುತ್ತಾರೆ. ನಮ್ಮಲ್ಲಿ ಆ ಕೆಲಸ ಸಮಯ ಮುಗಿಯಿತೆಂದು ನಿರೂಪಕ ಕೊಡುವ ಚೀಟಿಯದು, ಅದನ್ನು ಓದಿ ಮಡಿಚಿ ಪಕ್ಕಕ್ಕಿಟ್ಟು ಮುಂದುವರಿಸುವವರೇ ಹೆಚ್ಚು.

ನೆನಪಿನಲ್ಲಿ ಉಳಿಯಲು ಒಂದು ಚಿತ್ರ ಸಾಕು. 2025ರ ಮೇ 20ರಂದು ಲಂಡನ್ನಿನಲ್ಲಿ ಅನುವಾದಕಿ ದೀಪಾ ಭಾಸ್ತಿಯವರೊಂದಿಗೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಸ್ವೀಕರಿಸಿದ ಹಾಸನದ ಬಾನು ಮುಷ್ತಾಕ್ ಅವರು, ಆ ಗಳಿಗೆಯನ್ನು ಒಂದೇ ಆಕಾಶವನ್ನು ಬೆಳಗುವ ಸಾವಿರ ಮಿಂಚುಹುಳಗಳಿಗೆ ಹೋಲಿಸಿದರು. ಬೇಸಿಗೆ ರಜೆ ಮುಗಿದು ಶಾಲೆ ತೆರೆದಾಗ ನಮ್ಮ ಸ್ಟಾಫ್ ರೂಮಿನಲ್ಲಿ ಎಲ್ಲರ ಬಾಯಲ್ಲೂ ಇದ್ದದ್ದು ಆ ಮಿಂಚುಹುಳ.

ಬಹುಮಾನದ ಹಣದ ಬಗ್ಗೆ ಒಂದೇ ಮಾತು. ದಾನ ಮಾಡುವ ವಿಚಾರವಿದ್ದರೆ ಮನೆಯಲ್ಲಿ ತೀರ್ಮಾನ ಮಾಡಿಕೊಂಡು ಬರಬೇಕು. ಚಪ್ಪಾಳೆಯ ಹುಮ್ಮಸ್ಸಿನಲ್ಲಿ ಐದು ಸಾವಿರವನ್ನು ಸಂಸ್ಥೆಗೇ ಹಿಂದಿರುಗಿಸುತ್ತೇನೆಂದು ಘೋಷಿಸಿದ ಹಿರಿಯರೊಬ್ಬರ ಪತ್ನಿ ಮುಂದಿನ ಸಾಲಿನಲ್ಲಿ ಕೂತು ಅವರನ್ನು ನೋಡಿದ ನೋಟವನ್ನು ನಾನು ವರ್ಣಿಸಲಾರೆ.

ಶಿಕ್ಷಕಿ ಬುಧವಾರ ಸಂಜೆ ಮನೆಗೆ ಬಂದರು. ಬರುವಾಗ ತಾವೇ ಮೂರು ಪುಟ ಬರೆದುಕೊಂಡು ಬಂದಿದ್ದರು. ಅದರಲ್ಲಿ ಗುಣಾತ್ಮಕ ಶಿಕ್ಷಣವಿತ್ತು, ಸರ್ವತೋಮುಖ ಬೆಳವಣಿಗೆಯಿತ್ತು, ಅವರ ಶಾಲೆ ಇರಲಿಲ್ಲ. ಪುಟಗಳನ್ನು ಪಕ್ಕಕ್ಕಿಟ್ಟು, "ಸಂಜೆ ಬೆಲ್ ಹೊಡೆದ ಮೇಲೆ ನೀವು ಏನು ಮಾಡ್ತೀರಿ ಮೇಡಂ?" ಎಂದು ಕೇಳಿದೆ. ಚಹಾದ ಲೋಟ ಕೆಳಗಿಟ್ಟು ಹೇಳತೊಡಗಿದರು. ಸುಗ್ಗಿ ಮುಗಿದ ಮೇಲೆ ಅವರ ಊರಿನ ಬಹಳಷ್ಟು ತಂದೆ ತಾಯಂದಿರು ಕಾಫಿ ತೋಟಗಳ ಕೆಲಸಕ್ಕೆ ಹೋಗುತ್ತಾರೆ, ಮಕ್ಕಳನ್ನೂ ಕರೆದುಕೊಂಡು ಹೋಗಿಬಿಡುತ್ತಿದ್ದರು. ಅಜ್ಜಿಯರ ಬಳಿ ಬಿಟ್ಟುಹೋಗಿ ಎಂದು ಇವರು ಮನೆ ಮನೆಗೆ ತಿರುಗಿ ಹನ್ನೊಂದು ಮಕ್ಕಳನ್ನು ಉಳಿಸಿಕೊಂಡರು, ರಾತ್ರಿ ಏಳರವರೆಗೆ ಶಾಲೆಯಲ್ಲೇ ಓದಿಸಿದರು. ಮೊದಲ ವಾರ ಮಕ್ಕಳು ಆರು ಗಂಟೆಗೇ ತೂಕಡಿಸುತ್ತಿದ್ದವು, ಹಸಿವು ಎಂಬುದು ಇವರಿಗೆ ಹೊಳೆಯಲಿಲ್ಲ. ಅದು ಹೊಳೆದದ್ದು ಬಿಸಿಯೂಟದ ಅಡುಗೆಯವರಿಗೆ. ಎರಡನೆಯ ವಾರದಿಂದ ಆ ತಾಯಿ ತಮ್ಮ ಮನೆಯಿಂದ ರೊಟ್ಟಿ ಬಡಿದು, ಬಟ್ಟೆಯಲ್ಲಿ ಸುತ್ತಿ, ಶೇಂಗಾ ಚಟ್ನಿಯ ಜೊತೆ ತರತೊಡಗಿದರು. ಎರಡು ವರ್ಷಗಳಿಂದ ತರುತ್ತಿದ್ದಾರೆ.

"ಇದನ್ನ ಯಾಕೆ ಬರೆದಿಲ್ಲ?" ಎಂದೆ. "ಅದು ನನ್ನ ಸಾಧನೆ ಅಲ್ವಲ್ಲ ಸರ್" ಎಂದರು. ಆಮೇಲೆ ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು.

ಮೂರು ಪುಟ ಒಂದು ಪುಟವಾಗಿದೆ. ನನ್ನದೆಂದು ಒಂದು ಪದವನ್ನೂ ಸೇರಿಸಿಲ್ಲ, ಹೊಸದಾಗಿ ಸೇರಿದ್ದೆಲ್ಲ ಅವರೇ ಹೇಳಿದ ಮಾತು, ತೆಗೆದದ್ದು ಮಾತ್ರ ಬಹಳ. ಮೊದಲ ವಾಕ್ಯ "ನಮ್ಮ ಶಾಲೆಯಲ್ಲಿ ಸಂಜೆ ಆರು ಗಂಟೆಗೆ ಮಕ್ಕಳು ತೂಕಡಿಸುತ್ತಿದ್ದರು" ಎಂದಿದೆ, ಕೊನೆಯ ವಾಕ್ಯದಲ್ಲಿ ಅಡುಗೆಯವರ ಹೆಸರಿದೆ. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಅದು ಮೊದಲು ವೇದಿಕೆಯ ಮೇಲಿಂದ ಕೇಳಬೇಕಾದ ಹೆಸರು. ಅವರನ್ನು ಜಗಳೂರಿನ ಬಸ್ಸಿಗೆ ತಮ್ಮ ಜೊತೆಯಲ್ಲೇ ಕರೆತರುವುದಾಗಿ ಶಿಕ್ಷಕಿ ಒಪ್ಪಿದ್ದಾರೆ. ಆ ದಿನದ ನಿರೂಪಣೆ ನನ್ನದೇ ಆದ್ದರಿಂದ ಮುಂದಿನ ಸಾಲಿನಲ್ಲಿ ಒಂದು ಕುರ್ಚಿಗೆ ಟವೆಲ್ ಹಾಕಿಡುವ ಜವಾಬ್ದಾರಿಯನ್ನು ನಾನು ವಹಿಸಿಕೊಂಡಿದ್ದೇನೆ. ಶಿಕ್ಷಕಿಗೂ ಓದಲು ಕನ್ನಡಕ ಬೇಕು. ಅದಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡೇ ಬರಬೇಕೆಂದು ಹಿಂದಿನ ರಾತ್ರಿ ಮರೆಯದೆ ಫೋನ್ ಮಾಡಿ ಹೇಳಬೇಕು.